ಕನೆಕ್ಟೆಡ್ ಕಾರಿನ ಎಲೆಕ್ಟ್ರಾನಿಕ್ಸ್ ಕೆಟ್ಟೋಗಿದೆ, ವಾರಂಟಿನೂ ಮುಗ್ದಿದೆ, ಈಗೇನ್ ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

2019ರಲ್ಲಿ ಹ್ಯೂಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದ್ಮೇಲೆ ನಮ್ ಕಡೆ ಕನೆಕ್ಟೆಡ್ ಕಾರು, ಅಂದ್ರೆ ಒಳಗೇ ಸಿಮ್ ಇದ್ದು ಮೊಬೈಲ್ ಆ್ಯಪ್ ಜೊತೆ ಮಾತಾಡೋ ಕಾರು, ಅನ್ನೋ ಮಾತು ಮಾಮೂಲಾಯ್ತು, ಆಮೇಲೆ ಟಾಟಾ, ಕಿಯಾ, ಮಹೀಂದ್ರಾ, ಮಾರುತಿ ಎಲ್ಲಾ ಅದೇ ದಾರಿ ಹಿಡಿದ್ರು. ಆಗ ತಗೊಂಡೋರ ವಾರಂಟಿ ಈಗ ಒಂದೊಂದಾಗಿ ಮುಗ್ದಿದೆ, ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರು ಎಲ್ಲಾ ಕಡೆಯಿಂದ ಬರೋ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ, ಅದಕ್ಕೇ ಒಂದೇ ಕಡೆ ಬರ್ದಿಟ್ಟಿದೀನಿ. ಇದು ಆಟೋ ಎಲೆಕ್ಟ್ರಿಕಲ್ ಕೆಲ್ಸ ಮಾಡೋನ ಮಾತು, ಕಂಪನಿ ಮಾತಲ್ಲ. ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಯಾರಾದ್ರೂ ಎಲೆಕ್ಟ್ರಾನಿಕ್ಸ್ ಇರೋ ಇಡೀ ಡಬ್ಬಾನೇ ಬದ್ಲಾಯ್ಸಿ ಅಂತ ಎಸ್ಟಿಮೇಟ್ ಕೊಟ್ರೆ, ಡಬ್ಬಾನೇ ಹೋಗಿರೋದು ಅಂತ ನಿಮಗೆ ಹೆಂಗ್ ಗೊತ್ತಾಯ್ತು ಸ್ವಾಮಿ ಅಂತ ಕೇಳಿ. ಕೆಳಗಿರೋದೆಲ್ಲಾ ಹೆಚ್ಚಾಗಿ ಆ ಪ್ರಶ್ನೆ ಕೇಳೋದು ಹೆಂಗೆ ಅನ್ನೋದೇ.

ಆ್ಯಪಲ್ಲಿ ಕಾರು ಆಫ್‌ಲೈನ್ ಅಂತ ತೋರಿಸ್ತಿದೆ, ಶೋರೂಮಲ್ಲಿ ಟಿಸಿಯು ಹೋಗಿದೆ ಅಂತಾರೆ, ನಿಜನಾ?

ಇರಬೋದು, ಆದ್ರೆ ಅದು ಕೊನೇಲಿ ಅನುಮಾನ ಪಡ್ಬೇಕಾಗಿರೋ ಪಾರ್ಟು. ಟಿಸಿಯು ಅಂದ್ರೆ ಟೆಲಿಮ್ಯಾಟಿಕ್ಸ್ ಕಂಟ್ರೋಲ್ ಯುನಿಟ್, ಕಾರನ್ನ ಮೊಬೈಲ್ ನೆಟ್‌ವರ್ಕಿಗೆ ಸೇರ್ಸೋದು, ಡ್ಯಾಶ್‌ಬೋರ್ಡ್ ಒಳಗೋ ಸೀಟ್ ಕೆಳಗೋ ರೂಫ್ ಹತ್ರಾನೋ ಕೂತಿರೋ ಒಂದು ಡಬ್ಬ, ಅದ್ರೊಳಗೆ ಮೊಬೈಲ್ ಮೋಡೆಮ್ಮು, ಜಿಪಿಎಸ್ಸು, ಬೋರ್ಡಿಗೇ ಬೆಸುಗೆ ಹಾಕಿರೋ ಇ-ಸಿಮ್ಮು ಇರುತ್ತೆ, ಕೆಲವು ಕಾರಲ್ಲಿ ಎಸ್‌ಒಎಸ್ ಕಾಲ್‌ಗೆ ಅಂತ ಚಿಕ್ಕದೊಂದು ಬ್ಯಾಕಪ್ ಬ್ಯಾಟರಿನೂ ಇರುತ್ತೆ.

ಮೊದ್ಲು ಸಬ್‌ಸ್ಕ್ರಿಪ್ಶನ್ ನೋಡಿ. ಬಹಳ ಕಾರುಗಳಿಗೆ ಮೊದಲ 3 ವರ್ಷ ಫ್ರೀ, ವಾರಂಟಿನೂ 3 ವರ್ಷ, ಎರಡೂ ಒಂದೇ ದಿನ ಮುಗ್ಯುತ್ತೆ, ನಾವು ವಾರಂಟಿ ಮುಗ್ದಿದ್ದೇ ತಡ ಕೆಟ್ಟೋಯ್ತು ನೋಡು ಅಂತ ಬೈಕೊಂಡು ಓಡಾಡ್ತೀವಿ, ಕೆಟ್ಟಿರೋದೇ ಇಲ್ಲ, ರೀಚಾರ್ಜ್ ಖಾಲಿ ಅಷ್ಟೇ. ಅದು ಸರಿ ಇದ್ರೆ ಕಾರನ್ನ ಬೇಸ್‌ಮೆಂಟಿಂದ ಆಚೆ ತಂದು ಬಯಲಲ್ಲಿ ಹತ್ತು ನಿಮಿಷ ಇಂಜಿನ್ ಆನ್ ಮಾಡಿ ಬಿಡಿ, ಯಾಕಂದ್ರೆ ತುಂಬಾ ದಿನ ಸ್ಟಾರ್ಟ್ ಮಾಡದೇ ಇದ್ರೆ ಬ್ಯಾಟರಿ ಉಳಿಸೋಕೆ ಅಂತ ಟಿಸಿಯು ತಾನೇ ಮಲ್ಕೊಂಡ್ಬಿಡುತ್ತೆ. ಆಮೇಲೆ ಕಾರಲ್ಲಿರೋ ಕಾಲ್ ಸೆಂಟರ್ ಬಟನ್ ಒತ್ತಿ ನೋಡಿ, ಎಸ್‌ಒಎಸ್ ಬಟನ್ ಅಲ್ಲ, ಅದನ್ನ ಸುಮ್ಸುಮ್ನೆ ಒತ್ಬೇಡಿ. ಕಾಲ್ ಹೋಯ್ತು ಅಂದ್ರೆ ಮೋಡೆಮ್ಮು, ಸಿಮ್ಮು, ಆಂಟೆನಾ ಎಲ್ಲಾ ಜೀವಂತ ಇದೆ ಅಂತಾನೇ ಅರ್ಥ, ತೊಂದ್ರೆ ಅಕೌಂಟಲ್ಲೋ ಸರ್ವರಲ್ಲೋ ಇದೆ. ಕಾಲ್ ಹೋಗ್ಲಿಲ್ಲ ಅಂದ್ರೆ ಫ್ಯೂಸು, ಆಮೇಲೆ ಆಂಟೆನಾ ಕನೆಕ್ಟರ್ರು, ಆಮೇಲೆ ಡಬ್ಬ. ರೂಫ್ ಮೇಲಿರೋ ಶಾರ್ಕ್ ಫಿನ್ ಆಂಟೆನಾದ ರಬ್ಬರ್ ಬಿಟ್ಕೊಂಡು ನೀರು ಇಳ್ದು ಕನೆಕ್ಟರ್ ಹಸಿರು ತಿರುಗಿರೋ ಕೇಸು ತುಂಬಾ ಇದೆ.

ನಾಕ್ ದಿನ ನಿಲ್ಸಿದ್ರೆ ಬ್ಯಾಟರಿ ಸತ್ತೋಗುತ್ತೆ, ಹೊಸ ಬ್ಯಾಟರಿ ಹಾಕ್ಸಿದ್ರೂ ಅದೇ ಕತೆ. ಯಾಕೆ?

ಯಾವ್ದೋ ಒಂದು ಮಾಡ್ಯೂಲ್, ಅಂದ್ರೆ ಕಾರಲ್ಲಿ ಒಂದೊಂದು ಕೆಲ್ಸ ನೋಡ್ಕೊಳೋ ಚಿಕ್ಕ ಕಂಪ್ಯೂಟರ್ ಡಬ್ಬ, ನಿದ್ದೆ ಮಾಡ್ತಿಲ್ಲ. ಆಫ್ ಮಾಡಿ ಲಾಕ್ ಮಾಡಿದ್ಮೇಲೆ ಅರ್ಧ ಗಂಟೆ ಆದ್ಮೇಲೆ ಕಾರು ಎಳೀಬೇಕಾದ ಕರೆಂಟು ಸುಮಾರು 50 ಮಿಲಿ ಆಂಪಿಯರ್ ಒಳಗೆ ಇರ್ಬೇಕು. ಸಿಗ್ನಲ್ ಸಿಗದೇ ನೆಟ್‌ವರ್ಕ್ ಹುಡುಕ್ತಾನೇ ಕೂತಿರೋ ಟಿಸಿಯು, ಇಲ್ಲಾ ಹಾರ್ಡ್‌ವೈರ್ ಮಾಡ್ಸಿರೋ ಡ್ಯಾಶ್‌ಕ್ಯಾಮು, 300 ಮಿಲಿ ಆಂಪಿಯರ್ ಎಳೀತಿದೆ ಅಂತಿಟ್ಕೊಳ್ಳಿ. ದಿನಕ್ಕೆ 7.2 ಆಂಪಿಯರ್ ಅವರ್ ಆಯ್ತು, ಮೂರು ದಿನಕ್ಕೆ 21 ದಾಟ್ತು, ನಿಮ್ ಬ್ಯಾಟರಿ 45 ಆಂಪಿಯರ್ ಅವರ್ ಇದ್ರೆ ಹತ್ರತ್ರ ಅರ್ಧ ಖಾಲಿ, ನಾಕನೇ ದಿನ ಬೆಳಗ್ಗೆ ಟಿಕ್ ಟಿಕ್ ಅಂತ ಸದ್ದು ಬರೋದು ಅದಕ್ಕೇ.

ಚೆಕ್ ಮಾಡೋ ರೀತಿ ಹೇಳ್ತೀನಿ ಕೇಳಿ. ಬಾನೆಟ್ ತೆಗ್ದು, ಬಾನೆಟ್ ಲ್ಯಾಚನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿದೆ ಅಂತ ಕಾರಿಗೆ ನಂಬಿಸ್ಬೇಕು, ಕೀನ ದೂರ ಮನೆ ಒಳಗೆ ಇಟ್ಬಿಡ್ಬೇಕು, ಡಿಸಿ ಕ್ಲಾಂಪ್ ಮೀಟರನ್ನ ನೆಗೆಟಿವ್ ಕೇಬಲ್ಲಿಗೆ ಹಾಕಿ ಕಾಯ್ಬೇಕು. ಶುರುವಲ್ಲಿ ಎರಡ್ಮೂರು ಆಂಪಿಯರ್ ತೋರ್ಸುತ್ತೆ, ಗಾಬರಿ ಬೇಡ, ಮೆಟ್ಲು ಮೆಟ್ಲಾಗಿ ಇಳಿಯುತ್ತೆ. ಎಲ್ಲಿ ನಿಂತೋಯ್ತು ನೋಡ್ಕೊಳ್ಳಿ. ಆಮೇಲೆ ಫ್ಯೂಸ್ ಒಂದೊಂದೇ ಕಿತ್ತು ನೋಡೋದು ಹಳೇ ಕಾಲದ ಪದ್ಧತಿ, ಈಗಿನ ಕಾರಲ್ಲಿ ಫ್ಯೂಸ್ ಕಿತ್ತು ಹಾಕಿದ್ರೆ ಮಲ್ಗಿದ್ದ ಮಾಡ್ಯೂಲೆಲ್ಲಾ ಎದ್ದು ಕೂತ್ಕೊಳುತ್ತೆ, ಲೆಕ್ಕ ತಪ್ಪೋಗುತ್ತೆ. ಫ್ಯೂಸ್ ತಲೆ ಮೇಲಿರೋ ಎರಡು ಚುಕ್ಕೆ ಮೇಲೆ ಮಲ್ಟಿಮೀಟರ್ ಮಿಲಿವೋಲ್ಟಲ್ಲಿ ಇಟ್ಟು ನೋಡಿದ್ರೆ ಯಾವ ಲೈನಲ್ಲಿ ಕರೆಂಟ್ ಹರೀತಿದೆ ಗೊತ್ತಾಗುತ್ತೆ. ಇಷ್ಟು ಮಾಡದೇ ಬ್ಯಾಟರಿ ಮೇಲೆ ಬ್ಯಾಟರಿ ಮಾರೋರ ಹತ್ರ ಹೋಗ್ಬೇಡಿ.

ಇನ್ನೊಂದು, ಬ್ಯಾಟರಿ ವೀಕ್ ಆಗಿದ್ರೇನೇ ಅರ್ಧ ಎಲೆಕ್ಟ್ರಾನಿಕ್ಸ್ ಹುಚ್ಚುಚ್ಚಾಗಿ ಆಡುತ್ತೆ. ರೆಸ್ಟಲ್ಲಿ 12.6 ವೋಲ್ಟ್ ಇದ್ರೆ ಫುಲ್ಲು, 12.2ಕ್ಕೆ ಬಂದ್ರೆ ಅರ್ಧ. ಸೆಲ್ಫ್ ಹೊಡ್ಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಸ್ಕ್ರೀನ್ ರೀಸ್ಟಾರ್ಟು, ಕ್ಯಾಮೆರಾ ಎರರ್ರು, ಎಲ್ಲಾ ಲೈಟು ಒಟ್ಟಿಗೆ. ಅದಕ್ಕೇ ಯಾವ ಕಂಪ್ಲೇಂಟ್ ಬಂದ್ರೂ ಮೊದ್ಲು ಬ್ಯಾಟರಿ ಲೋಡ್ ಟೆಸ್ಟು.

ಸ್ಕ್ರೀನ್ ಕಪ್ಪಾಗಿದೆ, ಇಲ್ಲಾಂದ್ರೆ ಲೋಗೋ ಬಂದು ಬಂದು ಹೋಗುತ್ತೆ. ಪೂರ್ತಿ ಯುನಿಟ್ಟೇ ಬದ್ಲಾಯ್ಸ್ಬೇಕಾ?

ಎರಡೂ ಬೇರೆ ಬೇರೆ ಕಾಯ್ಲೆ. ಕಪ್ಪು ಸ್ಕ್ರೀನಲ್ಲಿ ಹಾಡು ಬರ್ತಿದ್ರೆ, ರಿವರ್ಸ್ ಬೀಪ್ ಬರ್ತಿದ್ರೆ, ಒಳಗಿನ ಕಂಪ್ಯೂಟರ್ ಚೆನ್ನಾಗಿದೆ, ಡಿಸ್‌ಪ್ಲೇ ಪ್ಯಾನಲ್ಲೋ ಬ್ಯಾಕ್‌ಲೈಟೋ ರಿಬ್ಬನ್ ಕೇಬಲ್ಲೋ ಹೋಗಿದೆ ಅಷ್ಟೇ. ಟಚ್ ಮಾತ್ರ ಕೆಲ್ಸ ಮಾಡ್ತಿಲ್ಲ ಅಂದ್ರೆ ಮೇಲಿನ ಟಚ್ ಗ್ಲಾಸ್ ಒಂದೇ ಬದ್ಲಾಯ್ಸೋರು ಇದಾರೆ. ಕಂಪನಿ ಸರ್ವೀಸಲ್ಲಿ ಇವನ್ನ ಬಿಡಿಯಾಗಿ ಕೊಡಲ್ಲ, ಅವರಿಗೆ ಇಡೀ ಯುನಿಟ್ಟೇ ಒಂದು ಪಾರ್ಟ್ ನಂಬರ್ರು.

ಲೋಗೋದಲ್ಲೇ ಸುತ್ತು ಹೊಡೀತಿದ್ರೆ ಸಾಫ್ಟ್‌ವೇರೋ ಮೆಮೊರಿನೋ ನೋಡ್ಬೇಕು. ಒಳಗಿರೋ ಫ್ಲ್ಯಾಶ್ ಮೆಮೊರಿಗೆ ಬರೆದು ಅಳಿಸೋಕೆ ಇಂತಿಷ್ಟೇ ಸಲ ಅಂತ ಆಯಸ್ಸು ಇರುತ್ತೆ, ಲಾಗ್ ಬರ್ದು ಬರ್ದು ಸವ್ದೋಗುತ್ತೆ. ಇದು ಕಟ್ಟುಕತೆ ಅಲ್ಲ, ಅಮೆರಿಕದಲ್ಲಿ 2021ರ ಫೆಬ್ರವರಿಲಿ ಟೆಸ್ಲಾ ಹಳೇ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಸೇರಿ ಸುಮಾರು 1,35,000 ಕಾರು ರೀಕಾಲ್ ಮಾಡ್ತು, ಕಾರಣ 8 ಜಿಬಿ ಇಎಂಎಂಸಿ ಮೆಮೊರಿ ಸವ್ದೋಗಿ ಸ್ಕ್ರೀನ್ ಸಾಯ್ತಿತ್ತು, ಅದ್ರ ಜೊತೆ ರಿವರ್ಸ್ ಕ್ಯಾಮೆರಾನೂ ಗಾಜಿನ ಮಂಜು ತೆಗೆಯೋ ಕಂಟ್ರೋಲೂ ಹೋಗ್ತಿತ್ತು. ಅಲ್ಲಿ ಸರ್ಕಾರಿ ಸಂಸ್ಥೆ ಒತ್ತಾಯ ಮಾಡಿದ್ಮೇಲೇನೇ ಕಂಪನಿ ಒಪ್ಪಿದ್ದು. ನಮ್ಮಲ್ಲಿ ಅದೇ ಕಾಯ್ಲೆ ಬಂದ್ರೆ ಲಿಕ್ವಿಡ್ ಬಿತ್ತಾ ಸರ್ ಅಂತ ಕೇಳ್ತಾರೆ.

ಮೊದ್ಲು ಬ್ಯಾಟರಿ ನೆಗೆಟಿವ್ ಹದಿನೈದು ನಿಮಿಷ ತೆಗ್ದು ಹಾಕಿ, ಆಮೇಲೆ ಸಾಫ್ಟ್‌ವೇರ್ ಮತ್ತೆ ಹಾಕ್ಸಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಮೆಮೊರಿ ಚಿಪ್ ಬದ್ಲಾಯ್ಸೋ ಬೋರ್ಡ್ ರಿಪೇರಿಯವ್ರನ್ನ ಹುಡುಕಿ. ಮೊಬೈಲ್ ಬೋರ್ಡ್ ಮೇಲೆ ಚಿಪ್ ಕೂರ್ಸೋ ಕೈ ಇರೋರಿಗೆ ಇದು ಹೊಸ್ದಲ್ಲ, ಆದ್ರೆ ಹಳೇ ಚಿಪ್ಪಿನ ಡೇಟಾ ಓದಿ ಹೊಸದಕ್ಕೆ ಹಾಕಕ್ಕೆ ಬರುತ್ತಾ ಅಂತ ಕೇಳಿನೇ ಕೊಡಿ.

ಇಲಿ ವೈರ್ ಕಡ್ದಿದೆ. ಪೂರ್ತಿ ಹಾರ್ನೆಸ್, ಅಂದ್ರೆ ಇಡೀ ವೈರಿಂಗ್ ಕಟ್ಟನ್ನೇ, ಹೊಸದಾಗಿ ಹಾಕ್ಬೇಕು ಅಂತಿದಾರೆ.

ಮಂಡ್ಯ ಕಡೆ ಇದು ಎಲ್ಲಾದಕ್ಕಿಂತ ದೊಡ್ಡ ರೋಗ. ಭತ್ತ ಕೊಯ್ಲಾಗಿ ಗದ್ದೆ ಖಾಲಿ ಆದ್ಮೇಲೆ, ಕಬ್ಬು ಕಡ್ದ್ಮೇಲೆ, ಇಲಿ ಎಲ್ಲಾ ಮನೆ ಕಡೆ ಬರುತ್ತೆ, ರಾತ್ರಿ ನಿಲ್ಸಿರೋ ಕಾರಿನ ಬಿಸಿ ಇಂಜಿನ್ ಪಕ್ಕ ಬೆಚ್ಚಗೆ ಕೂತ್ಕೊಳುತ್ತೆ. ಕನೆಕ್ಟೆಡ್ ಕಾರಲ್ಲಿ ತೊಂದ್ರೆ ಏನಂದ್ರೆ, ಮಾಡ್ಯೂಲುಗಳೆಲ್ಲಾ ಒಂದಕ್ಕೊಂದು ಮಾತಾಡೋದು ಕ್ಯಾನ್ ಬಸ್ ಅನ್ನೋ ಹೆಣೆದಿರೋ ಎರಡು ಸಣ್ಣ ವೈರಲ್ಲಿ, ಆ ಎರಡರಲ್ಲಿ ಒಂದು ಕಟ್ಟಾದ್ರೆ ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗು ಎಲ್ಲಾ ಲೈಟೂ ಒಟ್ಟಿಗೆ ಹತ್ಕೊಳುತ್ತೆ, ಅದನ್ನ ನೋಡಿ ನಾಕು ಮಾಡ್ಯೂಲಿನ ಎಸ್ಟಿಮೇಟ್ ಬರೆಯೋ ಮಹಾನುಭಾವರೂ ಇದಾರೆ.

ಒಂದು ಟೆಸ್ಟು ಯಾರ್ ಬೇಕಾದ್ರೂ ಮಾಡ್ಬೋದು. ಬ್ಯಾಟರಿ ತೆಗ್ದು, ಸ್ಟೀರಿಂಗ್ ಕೆಳಗಿರೋ, ಸ್ಕ್ಯಾನರ್ ಚುಚ್ಚೋ ಒಬಿಡಿ ಸಾಕೆಟಲ್ಲಿ 6ನೇ ಪಿನ್ನು 14ನೇ ಪಿನ್ನು ಮಧ್ಯೆ ಓಮ್ಸ್ ಅಳೀರಿ. ಬಸ್ಸಿನ ಎರಡೂ ತುದೀಲಿ 120 ಓಮ್ಸ್ ರೆಸಿಸ್ಟರ್ ಇರೋದ್ರಿಂದ ಒಟ್ಟು 60 ಬರ್ಬೇಕು. 120 ಬಂದ್ರೆ ಎಲ್ಲೋ ಮಧ್ಯೆ ವೈರ್ ತುಂಡಾಗಿದೆ, ಸೊನ್ನೆ ಹತ್ರ ಬಂದ್ರೆ ಎರಡೂ ತಾಗಿದೆ. ಕೆಲವು ಕಾರಲ್ಲಿ ಒಬಿಡಿಗೂ ಒಳಗಿನ ಬಸ್ಸಿಗೂ ಮಧ್ಯೆ ಗೇಟ್‌ವೇ ಅನ್ನೋ ಇನ್ನೊಂದು ಡಬ್ಬ ಅಡ್ಡ ಇರುತ್ತೆ, ಅಲ್ಲಿ ಈ ಲೆಕ್ಕ ನಡ್ಯಲ್ಲ.

ಒಂದೆರಡು ವೈರ್ ಹೋಗಿದ್ರೆ ಹಾರ್ನೆಸ್ ಬದ್ಲಾಯ್ಸೋ ಅಗತ್ಯ ಇಲ್ಲ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕ್ಸಿ, ಎರಡು ವೈರಿನ ಜಾಯಿಂಟು ಅಕ್ಕಪಕ್ಕ ಬರ್ಬಾರ್ದು, ಹಿಂದೆ ಮುಂದೆ ಇರ್ಲಿ, ಹೆಣಿಗೆ ಮತ್ತೆ ಹೆಣೀಲಿ. ಬರೀ ತಿರುಚಿ ಇನ್ಸುಲೇಶನ್ ಟೇಪ್ ಸುತ್ತೋರಿಗೆ ಕಾರು ಕೊಡ್ಬೇಡಿ. ಹಳದಿ ಕವರಿರೋ ವೈರು ಏರ್‌ಬ್ಯಾಗಿಂದು, ಅದಕ್ಕೆ ಮಾತ್ರ ಹೊರಗಡೆ ಕೈ ಹಾಕ್ಸೋದು ಬೇಡ, ಅಲ್ಲಿ ಕಂಪನಿ ಹೇಳಿದ್ದೇ ಸರಿ.

ಮಳೆ ನೀರಲ್ಲಿ ಕಾರು ನಿಂತಿತ್ತು, ಈಗ ಚೆನ್ನಾಗೇ ಓಡ್ತಿದೆ. ಬಿಟ್ಬಿಡ್ಲಾ?

ಬಿಡ್ಬೇಡಿ. 2022ರ ಆಗಸ್ಟ್ ಮಳೇಲಿ ರಾಮನಗರದ ಹತ್ರ ಬೆಂಗಳೂರು ಮೈಸೂರು ಹೈವೇ ಅಂಡರ್‌ಪಾಸೇ ಕೆರೆ ಆಗಿತ್ತಲ್ಲ, ಅಂಥ ನೀರಲ್ಲಿ ಹೋದ ಕಾರಿನ ಕಾರ್ಪೆಟ್ ಅಡಿ ಫೋಮು ಒಳಗೊಳಗೇ ಒದ್ದೆ ಇರುತ್ತೆ, ಕನೆಕ್ಟರ್ ಪಿನ್ ಹಸಿರು ಹಿಡ್ಯೋದು ವಾರಗಳಾದ್ಮೇಲೆ, ಆಗ ಇನ್ಶೂರೆನ್ಸ್ ಕೇಳಿದ್ರೆ ಯಾವ ನೀರು ಅಂತಾರೆ. ನೀರಲ್ಲಿ ನಿಂತ ತಕ್ಷಣ ಸ್ಟಾರ್ಟ್ ಮಾಡದೇ, ಸಾಧ್ಯ ಆದ್ರೆ ಬ್ಯಾಟರಿ ನೆಗೆಟಿವ್ ತೆಗ್ದು, ಫೋಟೋ ಹೊಡ್ದು, ಅವತ್ತೇ ಇನ್ಶೂರೆನ್ಸ್‌ಗೆ ತಿಳ್ಸಿ.

ಇನ್ಶೂರೆನ್ಸಲ್ಲಿ ಟಿಸಿಯು, ಸ್ಕ್ರೀನು ಕ್ಲೇಮ್ ಆಗುತ್ತಾ?

ತಾನಾಗೇ ಕೆಟ್ಟಿದ್ರೆ ಆಗಲ್ಲ. ಎಲೆಕ್ಟ್ರಿಕಲ್ ಬ್ರೇಕ್‌ಡೌನು, ಸವೆತ, ಇವೆರಡನ್ನೂ ಮಾಮೂಲಿ ಪಾಲಿಸಿ ಹೊರಗೇ ಇಟ್ಟಿರುತ್ತೆ. ಆಕ್ಸಿಡೆಂಟು, ನೆರೆ, ಕಳ್ಳತನ, ಬೆಂಕಿ ಆದ್ರೆ ಆಗುತ್ತೆ, ಆದ್ರೆ ಪ್ಲಾಸ್ಟಿಕ್ ಭಾಗಕ್ಕೆ ಹಳೇದಾಗಿದೆ ಅಂತ ಅರ್ಧ ಬೆಲೆ ಡಿಪ್ರಿಸಿಯೇಶನ್ ಕಳೀತಾರೆ, ಜೀರೋ ಡೆಪ್ ಪಾಲಿಸಿ ಇದ್ರೆ ಕಳ್ಯಲ್ಲ. ಇಲಿ ಕಡ್ದಿದ್ದು ಕೆಲವು ಕಂಪನಿ ಒಪ್ತವೆ, ಕೆಲವು ಒಪ್ಪಲ್ಲ, ಒಪ್ಪಲ್ಲ ಅಂದ್ರೆ ಯಾವ ಕಂಡಿಶನ್ ಪ್ರಕಾರ ಅಂತ ಬರ್ದು ಕೊಡಿ ಅನ್ನಿ. ಹೊರಗಡೆ ಹಾಕ್ಸಿದ ಸ್ಕ್ರೀನನ್ನ ಪಾಲಿಸೀಲಿ ಸೇರಿಸಿಲ್ಲ ಅಂದ್ರೆ ಅದಕ್ಕೆ ಒಂದ್ ರೂಪಾಯಿನೂ ಬರಲ್ಲ.

ಸ್ಕ್ಯಾನರ್ ನಾನೇ ತಗೊಂಡ್ರೆ ಉಪಯೋಗ ಇದ್ಯಾ?

ಇದೆ, ಆದ್ರೆ ಮಿತಿ ಇದೆ. ಸಾವಿರದ ಆಸುಪಾಸಲ್ಲಿ ಸಿಗೋ ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್ರು ಇಂಜಿನ್ ಕೋಡ್ ಓದುತ್ತೆ, ಬ್ಯಾಟರಿ ವೋಲ್ಟೇಜ್ ತೋರ್ಸುತ್ತೆ, ಟಿಸಿಯು ಒಳಗೆ ಸಾಮಾನ್ಯವಾಗಿ ಇಣುಕಲ್ಲ. ಕೋಡ್ ಅರ್ಥ ಮಾಡ್ಕೊಳೋದೇ ಮುಖ್ಯ. ಯು ಅಕ್ಷರದಿಂದ ಶುರುವಾಗೋ ಕೋಡು, ಯು0100 ಥರದ್ದು, ಇಂಥ ಮಾಡ್ಯೂಲ್ ಮಾತಾಡ್ತಿಲ್ಲ ಅಂತ ಹೇಳುತ್ತೆ ಅಷ್ಟೇ, ಮಾಡ್ಯೂಲ್ ಸತ್ತಿದೆ ಅಂತ ಹೇಳಲ್ಲ. ಫ್ಯೂಸ್ ಹೋಗಿದ್ರೂ ಮಾತಾಡಲ್ಲ, ಅರ್ಥಿಂಗ್ ತುಕ್ಕು ಹಿಡ್ದಿದ್ರೂ ಮಾತಾಡಲ್ಲ. ಫೋನ್ ಎತ್ತಲಿಲ್ಲ ಅಂತ ತಿಥಿ ಮಾಡಿದ ಹಾಗಾಗ್ಬಾರ್ದು. ಆ ಸ್ಕ್ಯಾನರನ್ನ ಕೆಲ್ಸ ಮುಗಿದ್ಮೇಲೂ ಚುಚ್ಚಿದ ಹಾಗೇ ಬಿಡ್ಬೇಡಿ, ಅದೂ ಬ್ಯಾಟರಿ ಕುಡಿಯುತ್ತೆ.

ಶೋರೂಮ್ ಎಸ್ಟಿಮೇಟ್ ನೋಡಿ ತಲೆ ತಿರುಗ್ತು. ಹೆಂಗೆ ಮಾತಾಡೋದು?

ಜಗಳ ಬೇಡ, ಕಾಗದ ಕೇಳಿ. ಯಾವ ಕೋಡ್ ಬಂದಿದೆ ಅದರ ಪ್ರಿಂಟು, ಆ ಡಬ್ಬದ ಕನೆಕ್ಟರಲ್ಲಿ ಪವರ್ರು ಅರ್ಥು ಚೆಕ್ ಮಾಡಿದ್ರಾ, ಎಷ್ಟು ವೋಲ್ಟ್ ಬಂತು, ಹೊಸ ಯುನಿಟ್ ಹಾಕಿದ್ಮೇಲೂ ತೊಂದ್ರೆ ಹೋಗ್ಲಿಲ್ಲ ಅಂದ್ರೆ ಆ ದುಡ್ಡು ಯಾರ್ದು. ಕೊನೇ ಪ್ರಶ್ನೆ ಕೇಳಿದ ತಕ್ಷಣ ಎಷ್ಟೋ ಸಲ ಇನ್ನೊಂದ್ಸಲ ನೋಡ್ತೀವಿ ಸರ್ ಅಂತ ಕಾರು ಒಳಗೆ ಹೋಗುತ್ತೆ. ಎಲೆಕ್ಟ್ರಿಕಲ್ ಪಾರ್ಟು ಒಂದ್ಸಲ ಬಿಲ್ ಆದ್ರೆ ವಾಪಸ್ ತಗೊಳೋದು ಬಹಳ ಕಮ್ಮಿ, ಅದಕ್ಕೇ ಬಿಲ್ಲಿಗೆ ಮೊದ್ಲೇ ಕೇಳೋದು. ಹಳೇ ಪಾರ್ಟು ವಾಪಸ್ ಕೊಡಿ ಅಂತ ಜಾಬ್ ಕಾರ್ಡಲ್ಲೇ ಬರೆಸಿ.

ತೆರಿಗೆ ಲೈನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳ್ದಿದೆ, ಮೊದ್ಲು ಬಹಳಷ್ಟಕ್ಕೆ 28 ಇತ್ತು. ಅದಕ್ಕಿಂತ ಹಳೇ ಕೊಟೇಶನ್ ಕೈಲಿದ್ರೆ ಹೊಸ್ದು ಬರೆಸ್ಕೊಳ್ಳಿ.

ವಾರಂಟಿ ಮುಗ್ದು ಸ್ವಲ್ಪ ದಿನ ಆಗಿದೆ ಅಷ್ಟೇ. ಕಂಪನಿ ಏನೂ ಕೊಡಲ್ವಾ?

ಗುಡ್‌ವಿಲ್ ಅಂತ ಒಂದಿದೆ, ಅದು ನಿಮ್ಮ ಹಕ್ಕಲ್ಲ, ಆದ್ರೆ ಕೇಳಿದೋರಿಗೆ ಸಿಗುತ್ತೆ. ಎಲ್ಲಾ ಸರ್ವೀಸೂ ಅವರಲ್ಲೇ ಆಗಿದ್ದು, ಮುಗ್ದು ಕೆಲವೇ ತಿಂಗ್ಳಾಗಿದ್ರೆ, ಪಾರ್ಟ್ ಅವರದ್ದು ಲೇಬರ್ ನಿಮ್ಮದು ಅಂತಲೋ ಅರ್ಧ ಅರ್ಧ ಅಂತಲೋ ಒಪ್ತಾರೆ. ಡೀಲರ್ ಕೌಂಟರಲ್ಲಿ ನಿಂತು ಕೇಳಿದ್ರೆ ಆಗಲ್ಲ, ಕಂಪನಿಯ ಕಸ್ಟಮರ್ ಕೇರಿಗೆ ಚಾಸಿಸ್ ನಂಬರ್ರು, ಕಿಲೋಮೀಟರ್ರು, ಸರ್ವೀಸ್ ಬಿಲ್ಲು ಎಲ್ಲಾ ಹಾಕಿ ಮೇಲ್ ಮಾಡಿ. ವಾರಂಟಿ ಒಳಗೇ ಇದೇ ಕಂಪ್ಲೇಂಟ್ ಹೇಳಿದ್ದ ಜಾಬ್ ಕಾರ್ಡ್ ಇದ್ರಂತೂ ನೀವು ಬೇಡೋದಲ್ಲ, ಕೇಳೋದು, ಯಾಕಂದ್ರೆ ತೊಂದ್ರೆ ಶುರುವಾಗಿದ್ದೇ ವಾರಂಟೀಲಿ. ಅದಕ್ಕೇ ಹೇಳೋದು, ಸ್ಕ್ರೀನ್ ಒಂದ್ಸಲ ಹ್ಯಾಂಗ್ ಆದ್ರೂ ಸರ್ವೀಸಿಗೆ ಬಿಡುವಾಗ ಬಾಯಲ್ಲಿ ಹೇಳ್ಬೇಡಿ, ಬರೆಸಿ.

ಹೊರಗಡೆ ರಿಪೇರಿ ಮಾಡ್ಸಿದ್ರೆ ಉಳಿದ ವಾರಂಟಿ ಹೋಗುತ್ತೆ ಅಂತ ಹೆದರಿಸ್ತಾರೆ.

ಪೂರ್ತಿ ಹೋಗಲ್ಲ. 2014ರ ಆಗಸ್ಟ್ 25ಕ್ಕೆ ಕಂಪನಿಗಳ ಪೈಪೋಟಿ ನ್ಯಾಯವಾಗಿದ್ಯಾ ಅಂತ ನೋಡೋ ಕಾಂಪಿಟಿಶನ್ ಕಮಿಷನ್ ಆಫ್ ಇಂಡಿಯಾ 14 ಕಾರು ಕಂಪನಿಗಳ ಮೇಲೆ ಆದೇಶ ಮಾಡ್ತು, ಒಟ್ಟು ಸುಮಾರು 2,545 ಕೋಟಿ ದಂಡ, ಬಿಡಿಭಾಗ ಮತ್ತೆ ಡಯಾಗ್ನೋಸ್ಟಿಕ್ ಸಾಮಾನು ಹೊರಗಿನ ಗ್ಯಾರೇಜಿಗೂ ಸಿಗೋ ಹಾಗೆ ಮಾಡಿ ಅಂತ ಹೇಳ್ತು, ಹೊರಗಡೆ ಮಾಡ್ಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕ್ಬಾರ್ದು, ಹೊರಗಿನ ಕೆಟ್ಟ ಕೆಲ್ಸದಿಂದ ಆದ ಹಾನಿಗೆ ಮಾತ್ರ ತಡೀಬೋದು ಅಂತಾನೂ ಹೇಳ್ತು. ಅಪೀಲು, ಕೋರ್ಟು ಅಂತ ಅದು ಎಳ್ದಾಡ್ತು, ಆದ್ರೂ ಶೋರೂಮಲ್ಲಿ ಎತ್ತೋಕೆ ಒಳ್ಳೇ ಪಾಯಿಂಟು. 2022ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡ್ತು, ಅದ್ರಲ್ಲಿ ಆಟೋಮೊಬೈಲೂ ಸೇರಿದೆ, ಆದ್ರೆ ಅದು ಮಾಹಿತಿ ಕೊಡುತ್ತೆ, ನಿಮ್ ಸ್ಕ್ರೀನ್ ರಿಪೇರಿ ಮಾಡ್ಸಿಕೊಡಲ್ಲ. ನಿಮ್ಮ ಎಕ್ಸ್‌ಟೆಂಡೆಡ್ ವಾರಂಟಿ ಪುಸ್ತಕ ಮಾತ್ರ ಓದಿ, ಅದು ಬೇರೆ ಒಪ್ಪಂದ, ಇನ್ಫೋಟೈನ್‌ಮೆಂಟನ್ನ, ಅಂದ್ರೆ ಸ್ಕ್ರೀನ್ ಯುನಿಟ್ಟನ್ನ, ಕೆಲವರು ಅದರಿಂದ ಹೊರಗಿಟ್ಟಿರ್ತಾರೆ.

ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಯುನಿಟ್ ತಂದು ಹಾಕ್ಸ್ಬೋದಾ?

ಜೆಸಿ ರೋಡಲ್ಲಿ ಹುಡುಕಿದ್ರೆ ಏನ್ ಬೇಕಾದ್ರೂ ಸಿಗುತ್ತೆ, ಕೂರುತ್ತಾ ಅನ್ನೋದೇ ಪ್ರಶ್ನೆ. ಸ್ಕ್ರೀನ್ ಯುನಿಟ್ ಹೆಚ್ಚಾಗಿ ಅದು ಮೊದ್ಲಿದ್ದ ಕಾರಿನ ಚಾಸಿಸ್ ನಂಬರಿಗೆ ಲಾಕ್ ಆಗಿರುತ್ತೆ, ಬಿಚ್ಚೋ ಕೋಡಿಂಗ್ ಮಾಡೋರು ಇದ್ರೆ ಮಾತ್ರ ತನ್ನಿ, ಪಾರ್ಟ್ ನಂಬರ್ ಕೊನೇ ಅಕ್ಷರದವರೆಗೂ ಹೊಂದ್ಬೇಕು. ಟಿಸಿಯು ಸೆಕೆಂಡ್ ಹ್ಯಾಂಡ್ ತರೋದು ಬೇಡವೇ ಬೇಡ, ಅದರ ಇ-ಸಿಮ್ಮು ಇನ್ನೊಬ್ರ ಕಾರಿಗೆ ರಿಜಿಸ್ಟರ್ ಆಗಿರುತ್ತೆ, ಕಂಪನಿ ಆ್ಯಕ್ಟಿವೇಟ್ ಮಾಡ್ಕೊಡಲ್ಲ. ಇಡೀ ಯುನಿಟ್ ಕಿತ್ತು ಆಂಡ್ರಾಯ್ಡ್ ಸ್ಕ್ರೀನ್ ಹಾಕ್ಸೋರು ಒಂದು ನೆನಪಿಡಿ, ಎಸಿ ಕಂಟ್ರೋಲು, ಕ್ಯಾಮೆರಾ, ಕಾರ್ ಸೆಟ್ಟಿಂಗು ಎಲ್ಲಾ ಆ ಹಳೇ ಸ್ಕ್ರೀನ್ ಒಳಗೇ ಇದ್ರೆ ಅವೂ ಹೋಗುತ್ತೆ.

ಮೊಬೈಲ್ ನೆಟ್‌ವರ್ಕೇ ಬದ್ಲಾದ್ರೆ ಕಾರಿನ ಸಿಮ್ ಏನಾಗುತ್ತೆ?

ಸಾಯುತ್ತೆ. ಅಮೆರಿಕದಲ್ಲಿ 2022ರ ಫೆಬ್ರವರಿಲಿ ಎಟಿ ಆ್ಯಂಡ್ ಟಿ 3ಜಿ ಮುಚ್ಚಿದಾಗ ಲಕ್ಷಗಟ್ಟಲೆ ಒಳ್ಳೊಳ್ಳೆ ಕಾರಿನ ತುರ್ತು ಕರೆ, ರಿಮೋಟ್ ಲಾಕು ಹೋಯ್ತು, ಕೆಟ್ಟಿದ್ದು ಏನೂ ಇರ್ಲಿಲ್ಲ. ನಮ್ಮ ಕಾರುಗಳಲ್ಲಿ ಹೆಚ್ಚಾಗಿ 4ಜಿ ಮೋಡೆಮ್ ಇರೋದ್ರಿಂದ ಈಗಲೇ ತಲೆ ಕೆಡಿಸ್ಕೊಳೋದು ಬೇಡ.

ನಮ್ದು ಯೆಲ್ಲೋ ಬೋರ್ಡ್ ಗಾಡಿ, ಪ್ಯಾನಿಕ್ ಬಟನ್ ಡಬ್ಬ ಕೆಟ್ಟಿದೆ. ಅದೂ ಇದೇನಾ?

ಅಲ್ಲ. ಅದು ಎಐಎಸ್-140 ಟ್ರ್ಯಾಕರ್ರು, 2019ರ ಜನವರಿಯಿಂದ ಹೊಸ ಸಾರ್ವಜನಿಕ ಸೇವೆ ಗಾಡಿಗಳಿಗೆ ಕಡ್ಡಾಯ ಆಗಿದ್ದು. ಕಾರು ಕಂಪನಿ ಆ್ಯಪಿಗೂ ಅದಕ್ಕೂ ಸಂಬಂಧ ಇಲ್ಲ, ಡಬ್ಬ ಹಾಕಿದೋರ ಹತ್ರಾನೇ ಹೋಗ್ಬೇಕು, ಎಫ್‌ಸಿ ಹತ್ರ ಬಂದಾಗ ಅಲ್ಲ, ಅದಕ್ಕೆ ಮುಂಚೆ.

ಮಾತಲ್ಲಿ ಬಗೆಹರೀಲಿಲ್ಲ, ದೂರು ಕೊಡೋದು ಎಲ್ಲಿ?

ಮೊದ್ಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿಂದ ದೂರು ಕಂಪನಿಗೆ ಹೋಗುತ್ತೆ, ಡೀಲರ್ ಎತ್ತದ ಫೋನು ಆಗ ಎತ್ತಾರೆ. ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಮಂಡ್ಯದಲ್ಲೂ ಇದೆ ಮೈಸೂರಲ್ಲೂ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಾಗದಲ್ಲೇ ಕೇಸ್ ಹಾಕ್ಬೋದು, ಕಾರು ತಗೊಂಡಿದ್ದು ಬೆಂಗಳೂರಲ್ಲಾದ್ರೂ ಪರ್ವಾಗಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗಕ್ಕೇ ಬರುತ್ತೆ. ಫೀಸು 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ತೊಂದ್ರೆ ಆದ 2 ವರ್ಷದೊಳಗೆ ಹಾಕ್ಬೇಕು, ಲಾಯರ್ ಇಲ್ದೇನೂ ನಡ್ಸ್ಬೋದು, ಆನ್‌ಲೈನಲ್ಲೂ ಹಾಕ್ಬೋದು.

ವಾರಂಟಿ ಮುಗ್ದ ಪಾರ್ಟನ್ನ ಫ್ರೀ ಕೊಡ್ಸಿ ಅಂತ ಹೋದ್ರೆ ಕೇಸ್ ವೀಕು. ತಪ್ಪು ಡಯಾಗ್ನೋಸಿಸ್ ಮಾಡಿ ಬೇಡದ ಪಾರ್ಟ್ ಹಾಕಿದ್ರು, ಹೇಳ್ದೇ ಹಾಕಿದ್ರು, ವಾರಂಟೀಲಿ ಹೇಳಿದ್ದನ್ನ ಮುಂದಕ್ಕೆ ತಳ್ಳಿದ್ರು, ಇವು ಸ್ಟ್ರಾಂಗು. ಬ್ರೇಕು, ಸ್ಟೀರಿಂಗ್ ಥರ ಸುರಕ್ಷತೆಗೆ ಸಂಬಂಧಪಟ್ಟ ದೋಷ ಆದ್ರೆ, ಗಾಡಿಗೆ 7 ವರ್ಷ ಆಗಿಲ್ಲ ಅಂದ್ರೆ, 2021ರ ಏಪ್ರಿಲ್‌ನಿಂದ ಬಂದಿರೋ ರೀಕಾಲ್ ನಿಯಮದ ಪ್ರಕಾರ ವಾಹನ್ ಪೋರ್ಟಲ್ಲಲ್ಲೂ ದೂರು ಹಾಕಿ.

ಹಳೇ ಕನೆಕ್ಟೆಡ್ ಕಾರು ತಗೋತಿದೀನಿ, ಏನ್ ನೋಡ್ಕೋಬೇಕು?

ದುಡ್ಡು ಕೊಡೋಕೆ ಮುಂಚೆ ಹಳೇ ಓನರ್ ಫೋನಲ್ಲಿ ಆ್ಯಪ್ ಓಪನ್ ಮಾಡ್ಸಿ, ಲಾಕ್ ಅನ್‌ಲಾಕ್ ನಿಮ್ ಕಣ್ಣೆದುರೇ ಮಾಡ್ಸಿ, ಆಮೇಲೆ ಅವರ ಅಕೌಂಟಿಂದ ಕಾರು ತೆಗ್ಸಿ. ತೆಗ್ಸ್ಲಿಲ್ಲ ಅಂದ್ರೆ ಗಾಡಿ ನಿಮ್ದು, ನೀವೆಲ್ಲಿದೀರಿ ಅಂತ ಅವರಿಗೆ ಗೊತ್ತಾಗ್ತಾ ಇರುತ್ತೆ. ಪ್ಯಾಸೆಂಜರ್ ಸೈಡ್ ಕಾರ್ಪೆಟ್ ಮೇಲೆ ಕೈ ಒತ್ತಿ ಒದ್ದೆ ಇದ್ಯಾ ನೋಡಿ, ಬಾನೆಟ್ ಒಳಗೆ ಇಲಿ ಹಿಕ್ಕೆ, ಹೊಸ ಟೇಪು ಸುತ್ತಿರೋ ಜಾಗ ಹುಡುಕಿ. ರಿವರ್ಸ್ ಹಾಕಿ ಕ್ಯಾಮೆರಾ ನೋಡಿ, ಕಾರು ಆಫ್ ಮಾಡಿ ಆನ್ ಮಾಡಿ ಸ್ಕ್ರೀನ್ ಎಷ್ಟೊತ್ತಿಗೆ ಬರುತ್ತೆ ನೋಡಿ. ಆ್ಯಪ್ ಸದ್ಯಕ್ಕೆ ಬರಲ್ಲ, ಬರೀ ಸಬ್‌ಸ್ಕ್ರಿಪ್ಶನ್ ಅಷ್ಟೇ ಅಂತ ಮಾರೋರು ಹೇಳಿದ್ರೆ, ಹಂಗಾದ್ರೆ ಒಂದು ವರ್ಷದ್ದು ಅವರೇ ಹಾಕ್ಸಿ ಆನ್ ಮಾಡಿ ತೋರ್ಸ್ಲಿ, ಆ ದುಡ್ಡು ರೇಟಿಗೆ ಸೇರ್ಸಿ ಕೊಡ್ತೀನಿ ಅನ್ನಿ.